ಹೇಳಿಕೆಯೊಳಗಿನ ಹೇಳದ ಮಾತು: ತಾರ್ಕಿಕ ಪ್ರಶ್ನೆಗಳಲ್ಲಿ ಊಹೆಯನ್ನು ಗುರುತಿಸುವ ಬಗೆ

"ನಮ್ಮೂರಿಗೆ ಕೊನೆಯ ಬಸ್ಸು ಎಂಟೂವರೆಗೆ, ಆದ್ದರಿಂದ ಆರತಕ್ಷತೆಗೆ ಆರು ಗಂಟೆಗೇ ಹೋಗಿಬಿಡೋಣ" ಎಂದು ಕೋಲಾರದ ಕಚೇರಿಯೊಂದರಲ್ಲಿ ಒಬ್ಬರು ತಮ್ಮ ಸಹೋದ್ಯೋಗಿಗೆ ಹೇಳಿದರೆ, ಕೇಳಿದವರಿಗೆ ಅದರಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಕಾಣುವುದಿಲ್ಲ. ಆದರೆ ಆ ವಾಕ್ಯಕ್ಕೆ ಅರ್ಥ ಬರಬೇಕಾದರೆ ಬಾಯಿಬಿಟ್ಟು ಆಡದ ಹಲವು ಮಾತುಗಳನ್ನು ಹೇಳಿದವರು ಒಪ್ಪಿಕೊಂಡೇ ಇರಬೇಕು. ಅವರು ಆ ರಾತ್ರಿಯೇ ಊರಿಗೆ ಮರಳಬೇಕೆಂದಿದ್ದಾರೆ. ಮರಳಲು ಅವರು ನೆಚ್ಚಿಕೊಂಡಿರುವುದು ಬಸ್ಸನ್ನು. ಆರು ಗಂಟೆಯ ಹೊತ್ತಿಗೆ ಹೋದರೂ ಛತ್ರದಲ್ಲಿ ವಧೂವರರನ್ನು ಕಂಡು, ಊಟ ಮುಗಿಸಿ, ಎಂಟೂವರೆಯೊಳಗೆ ನಿಲ್ದಾಣ ತಲುಪಲು ಸಾಧ್ಯ. ಇವುಗಳಲ್ಲಿ ಯಾವುದೊಂದು ಸುಳ್ಳಾದರೂ ಬೇಗ ಹೋಗೋಣವೆಂಬ ಸಲಹೆಗೆ ಆಧಾರವೇ ಉಳಿಯುವುದಿಲ್ಲ. ತಾರ್ಕಿಕ ಪರೀಕ್ಷೆಗಳಲ್ಲಿ 'ಊಹೆ' ಎಂದು ಕರೆಯುವುದು ಇಂಥ ಮಾತನ್ನೇ: ಹೇಳಿಕೆಯಲ್ಲಿ ಬಾರದ, ಆದರೆ ಹೇಳಿಕೆ ನಿಲ್ಲಬೇಕಾದರೆ ಹೇಳಿದವರು ನಂಬಿರಲೇಬೇಕಾದ ಮಾತು.

ಬ್ಯಾಂಕ್ ಪರೀಕ್ಷೆಗಳ ರೀಸನಿಂಗ್ ವಿಭಾಗಕ್ಕೆ 'ಹೇಳಿಕೆ ಮತ್ತು ಊಹೆಗಳು' ಎಂಬುದು ಹಳೆಯ ಪರಿಚಿತ ಪ್ರಶ್ನೆ. ಯುಪಿಎಸ್‌ಸಿ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಜಾರಿಗೆ ತಂದ ಸಿಸ್ಯಾಟ್ ಪತ್ರಿಕೆಯಲ್ಲಿ ಇದು ಗದ್ಯಭಾಗದ ಕೆಳಗೆ ಬರುತ್ತದೆ: ಮೇಲಿನ ಬರಹದ ಹಿಂದೆ ಇಂತಿಂಥ ಊಹೆಗಳಿವೆ, ಇವುಗಳಲ್ಲಿ ಯಾವುವು ಸರಿ ಎಂದು ಅಲ್ಲಿ ಕೇಳುತ್ತಾರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ನಡೆಯುವ ಕ್ಲಾಟ್‌ನಲ್ಲಿಯೂ, ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್‌ನಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ರೈಲಿನ ವೇಗ, ರಕ್ತಸಂಬಂಧ, ಸಂಖ್ಯಾಸರಣಿಯ ಲೆಕ್ಕಗಳನ್ನು ಸಲೀಸಾಗಿ ಬಿಡಿಸುವ ಅಭ್ಯರ್ಥಿಗಳೂ ಇಲ್ಲಿ ಎಡವುವುದನ್ನು ಕಾಣುತ್ತೇವೆ. ಈ ವಿಷಯ ಕಷ್ಟವಾದದ್ದೇ ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ಪ್ರಶ್ನೆ ಕೇಳುತ್ತಿರುವುದು ಏನೆಂಬುದನ್ನು ಕ್ಷಣಮಾತ್ರ ಮರೆತು, ಅದು ಕೇಳದ ಇನ್ನೊಂದು ಪ್ರಶ್ನೆಗೆ ಉತ್ತರ ಬರೆಯುವುದರಿಂದ ಬಹುಪಾಲು ತಪ್ಪುಗಳಾಗುತ್ತವೆ.

ಮಾತಿನ ನಡುವಣ ಒಂದು ಕೊಂಡಿಯನ್ನು ಕೇಳುವವನ ಪಾಲಿಗೆ ಬಿಡುವ ಪರಿಪಾಠವನ್ನು ಪ್ರಾಚೀನರೇ ಗುರುತಿಸಿದ್ದರು. ಡೋರಿಯಸ್ ಎಂಬವನು ಒಲಿಂಪಿಯಾದ ಕ್ರೀಡೆಗಳಲ್ಲಿ ಗೆದ್ದನೆಂದು ಹೇಳಿದರೆ ಸಾಕು, ಅಲ್ಲಿನ ಬಹುಮಾನ ಕಿರೀಟವೆಂಬುದು ಎಲ್ಲರಿಗೂ ತಿಳಿದಿರುವುದರಿಂದ ಅದನ್ನು ಬೇರೆಯಾಗಿ ಸೇರಿಸಬೇಕಿಲ್ಲ ಎಂದು ಅರಿಸ್ಟಾಟಲ್ ಉದಾಹರಣೆ ಕೊಡುತ್ತಾನೆ. ನಮ್ಮ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ದಾರಿ ಇದಕ್ಕೆ ತಿರುಗಾಮುರುಗಾ. ಅವರ ಐದು ಅವಯವಗಳ, ಅಂದರೆ ಐದು ಭಾಗಗಳ, ವಾಕ್ಯದಲ್ಲಿ ಬೆಟ್ಟದಲ್ಲಿ ಬೆಂಕಿ ಇದೆ ಎಂಬ ಪ್ರತಿಜ್ಞೆಯೂ, ಹೊಗೆ ಕಾಣುತ್ತಿರುವುದರಿಂದ ಎಂಬ ಹೇತುವೂ ಬಂದ ಮೇಲೆ, ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ, ಅಡುಗೆಮನೆಯಲ್ಲಿ ಇರುವಂತೆ ಎಂಬ ವ್ಯಾಪ್ತಿಯನ್ನು ಉದಾಹರಣೆಯ ಸಮೇತ ಬಾಯಿಬಿಟ್ಟು ಹೇಳಲೇಬೇಕು. ಆ ವ್ಯಾಪ್ತಿಯನ್ನು ಈ ಬೆಟ್ಟಕ್ಕೆ ಅನ್ವಯಿಸುವ ಉಪನಯ ಮತ್ತು ತೀರ್ಮಾನ ಹೇಳುವ ನಿಗಮನ ಅದರ ನಂತರದ ಮಾತು. ದಿನನಿತ್ಯದ ವ್ಯವಹಾರದಲ್ಲಿ ನಾವು ಇಷ್ಟು ಶಿಸ್ತಿನವರಲ್ಲ. ಅಂತರಗಂಗೆ ಬೆಟ್ಟದ ಕಡೆ ಹೊಗೆ ಕಂಡರೆ 'ಯಾರೋ ಬೆಂಕಿ ಹಚ್ಚಿದ್ದಾರೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ನಾವು ನುಂಗಿದ ಆ ನಡುವಿನ ಅವಯವವನ್ನು ಹೊರಗೆ ತೆಗೆದು ತೋರಿಸೆಂದು ಪರೀಕ್ಷೆ ಕೇಳುತ್ತದೆ.

ಊಹೆಯೆಂದು ದಾರಿತಪ್ಪಿಸುವ ಉತ್ತರಗಳು

ಊಹೆಯೆಂದು ಮೋಸಗೊಳಿಸುವ ಉತ್ತರಗಳಲ್ಲಿ ಮೊದಲನೆಯದು ತೀರ್ಮಾನ. ಊಹೆ ಹೇಳಿಕೆಗಿಂತ ಹಿಂದೆ ಇರುತ್ತದೆ, ತೀರ್ಮಾನ ಹೇಳಿಕೆಯ ನಂತರ ಬರುತ್ತದೆ. 'ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಂದು ಗೂಡಿನ ಆವಕ ಕಡಿಮೆ ಇದೆ, ಆದ್ದರಿಂದ ಧಾರಣೆ ಏರುತ್ತದೆ' ಎಂಬ ಹೇಳಿಕೆಯನ್ನು ತೆಗೆದುಕೊಂಡರೆ, 'ಇಂದು ಗೂಡು ತಂದ ರೇಷ್ಮೆ ಬೆಳೆಗಾರರಿಗೆ ಲಾಭವಾಗುತ್ತದೆ' ಎಂಬುದು ಅದರಿಂದ ಹೊರಡಬಹುದಾದ ಮಾತು, ಆದ್ದರಿಂದ ಅದು ಊಹೆಯಲ್ಲ. 'ರೀಲರುಗಳ ಬೇಡಿಕೆ ಇಂದು ಆವಕದಷ್ಟೇ ಪ್ರಮಾಣದಲ್ಲಿ ಕುಸಿದಿಲ್ಲ' ಎಂಬುದು ಊಹೆ, ಏಕೆಂದರೆ ನೂಲು ಬಿಚ್ಚುವ ರೀಲರುಗಳೂ ಅಷ್ಟೇ ಕಡಿಮೆ ಕೊಳ್ಳುವುದಾದರೆ ಆವಕ ತಗ್ಗಿದ ಮಾತ್ರಕ್ಕೆ ಧಾರಣೆ ಏರುವ ಕಾರಣವಿಲ್ಲ. ಎರಡನೆಯದು ಹೇಳಿಕೆಯನ್ನೇ ಬೇರೆ ಪದಗಳಲ್ಲಿ ಹೇಳುವ ಉತ್ತರ. ಇದನ್ನು ಗುರುತಿಸುವುದು ಸುಲಭ, ಹೇಳಿಕೆಯಲ್ಲಿ ಆಗಲೇ ಬಂದಿರುವುದು ಹೇಳದ ಮಾತಾಗಲು ಬಾರದು.

ಮೂರನೆಯದು ಮಾತು ಲೋಕದಲ್ಲಿ ನಿಜವೋ ಸುಳ್ಳೋ ಎಂದು ನೋಡಿ ಬರೆಯುವ ಉತ್ತರ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ವಿಷಯ ಬಲ್ಲವರೇ ಇಲ್ಲಿ ಸೋಲುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ವ್ಯಾಪಾರ ಹದಿನೈದು ಕೆಜಿಯ ಬಾಕ್ಸ್ ಲೆಕ್ಕದಲ್ಲಿ ನಡೆಯುತ್ತದೆ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಬೇರೆ ಕಾಲಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಈ ಜಿಲ್ಲೆಯವರು ಕಂಡಿದ್ದಾರೆ. ಈಗ ಪ್ರಶ್ನೆಪತ್ರಿಕೆಯಲ್ಲಿ 'ಟೊಮೆಟೊ ಬೆಲೆ ಕುಸಿದಾಗ ರೈತರಿಗೆ ನಷ್ಟವಾಗದಂತೆ ಸರ್ಕಾರ ಶೀತಲಗೃಹಗಳನ್ನು ಕಟ್ಟಬೇಕು' ಎಂಬ ಹೇಳಿಕೆ ಬಂದಿದೆ, ಅದರ ಕೆಳಗೆ 'ಬೆಲೆ ಚೇತರಿಸುವವರೆಗೆ ಟೊಮೆಟೊವನ್ನು ಶೀತಲಗೃಹದಲ್ಲಿ ಕೆಡದಂತೆ ಇಡಬಹುದು' ಎಂಬ ಊಹೆ ಇದೆ ಎಂದುಕೊಳ್ಳೋಣ. ಟೊಮೆಟೊ ಬೆಳೆದ ಮನೆಯಿಂದ ಬಂದ ಅಭ್ಯರ್ಥಿಗೆ ಇದು ತಪ್ಪೆಂದು ತಕ್ಷಣ ಹೊಳೆಯುತ್ತದೆ. ಆಲೂಗಡ್ಡೆಯಂತೆ ಟೊಮೆಟೊ ತಿಂಗಳುಗಟ್ಟಲೆ ಉಳಿಯುವ ಪದಾರ್ಥವಲ್ಲ. ತೀರಾ ತಣ್ಣಗಿನ ಕೋಣೆಯಲ್ಲಿ ಅದರ ರುಚಿಯೂ ತಿರುಳೂ ಹಾಳಾಗುತ್ತವೆ. ಹೆಚ್ಚು ತಣಿಸದೆ ಇಟ್ಟರೆ ಅದು ಹಣ್ಣಾಗುವುದು ನಿಲ್ಲುವುದಿಲ್ಲ. ಇಷ್ಟು ತಿಳಿದವನು 'ಈ ಊಹೆ ಸರಿಯಲ್ಲ' ಎಂದು ಗುರುತು ಹಾಕುತ್ತಾನೆ, ಅಂಕ ಕಳೆದುಕೊಳ್ಳುತ್ತಾನೆ.

ಪ್ರಶ್ನೆ ಕೇಳಿದ್ದು ಟೊಮೆಟೊ ಉಳಿಯುತ್ತದೆಯೇ ಎಂದಲ್ಲ. ಹೇಳಿಕೆ ಕೊಟ್ಟವರು ಉಳಿಯುತ್ತದೆಂದು ನಂಬಿರಬೇಕೇ ಎಂಬುದಷ್ಟೇ ಪ್ರಶ್ನೆ. ಉಳಿಯುವುದಿಲ್ಲವೆಂದು ಅವರಿಗೆ ತಿಳಿದಿದ್ದರೆ ಶೀತಲಗೃಹ ಕಟ್ಟಿ ಎಂಬ ಸಲಹೆಯನ್ನು ಅವರು ಕೊಡುತ್ತಿರಲಿಲ್ಲ; ಆದ್ದರಿಂದ ಆ ನಂಬಿಕೆ, ಸುಳ್ಳೇ ಆಗಿದ್ದರೂ, ಅವರ ಮಾತಿನೊಳಗೆ ಇದೆ. ಅದೇ ಪ್ರಶ್ನೆಯಲ್ಲಿ 'ಕೋಲಾರದಲ್ಲಿ ದೊಡ್ಡ ಟೊಮೆಟೊ ಮಾರುಕಟ್ಟೆ ಇದೆ' ಎಂಬ ಇನ್ನೊಂದು ಊಹೆ ಕೊಟ್ಟಿದ್ದರೆ, ಅದು ನಿಜವಾಗಿದ್ದರೂ ಉತ್ತರವಾಗುವುದಿಲ್ಲ, ಏಕೆಂದರೆ ಹೇಳಿಕೆಗೆ ಅದರ ಅಗತ್ಯವಿಲ್ಲ. ಸುಳ್ಳಾದ ಮಾತೂ ಊಹೆಯಾಗಿರಬಹುದು, ನಿಜವಾದ ಮಾತೂ ಊಹೆಯಾಗದೆ ಹೋಗಬಹುದು ಎಂಬ ಈ ಒಂದು ಅಂಶ ಮನಸ್ಸಿನಲ್ಲಿ ಕುಳಿತರೆ ಅರ್ಧ ದಾರಿ ಸವೆದಂತೆ. ಲೋಕಜ್ಞಾನವನ್ನು ಪೂರ್ತಿ ಹೊರಗಿಡಬೇಕೆಂದು ಇದರ ಅರ್ಥವಲ್ಲ. ಹೇಳಿಕೆ ಏನನ್ನು ಹೇಳುತ್ತಿದೆಯೆಂದು ತಿಳಿಯಲು ಅದು ಬೇಕು, ಹೇಳಿದವರ ನಂಬಿಕೆಯನ್ನು ಅಳೆಯಲು ಬೇಡ.

ತಿರುಗಿಸಿ ನೋಡುವ ಪರೀಕ್ಷೆ

ಊಹೆ ಹೌದೋ ಅಲ್ಲವೋ ಎಂದು ನಿರ್ಧರಿಸಲು ಇರುವ ನಂಬಲರ್ಹ ಉಪಾಯವೆಂದರೆ, ಕೊಟ್ಟಿರುವ ಊಹೆಯನ್ನು ನಿಷೇಧಿಸಿ, ಆ ನಿಷೇಧದ ಪಕ್ಕದಲ್ಲಿ ಹೇಳಿಕೆಯನ್ನು ಇಟ್ಟು ನೋಡುವುದು. ಹೇಳಿಕೆ ಕುಸಿದರೆ ಅದು ಊಹೆ. ಹೇಳಿಕೆಗೆ ಏನೂ ಆಗದಿದ್ದರೆ ಅದು ಊಹೆಯಲ್ಲ. ಎಲ್ಲ ಗೈಡ್‌ಗಳಲ್ಲಿಯೂ ಇರುವ ಈ ಸಲಹೆ ಬಹಳ ಮಂದಿಗೆ ಕೈಕೊಡುತ್ತದೆ, ಏಕೆಂದರೆ ನಿಷೇಧಿಸುವುದೆಂದರೆ ಏನು ಎಂಬುದನ್ನು ಬಹುತೇಕ ಗೈಡ್‌ಗಳು ಸರಿಯಾಗಿ ಹೇಳಿಕೊಡುವುದಿಲ್ಲ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ಹೇಳಿಕೆ ಹೀಗಿದೆ: 'ರೈತರು ಮಾರುಕಟ್ಟೆಗೆ ಹೊರಡುವ ಮುನ್ನವೇ ಧಾರಣೆ ತಿಳಿಯಲೆಂದು, ಹಿಂದಿನ ದಿನದ ಹರಾಜಿನ ದರಗಳನ್ನು ಪ್ರತಿದಿನ ನಸುಕಿನಲ್ಲಿ ಮೊಬೈಲ್ ಸಂದೇಶವಾಗಿ ಕಳಿಸಲು ಚಿಂತಾಮಣಿಯ ಮಾರುಕಟ್ಟೆ ಸಮಿತಿ ನಿರ್ಧರಿಸಿದೆ.' (ನಿರ್ಧಾರ ಇಲ್ಲಿ ಉದಾಹರಣೆಗಾಗಿ ಕಟ್ಟಿದ್ದು, ಚಿಂತಾಮಣಿ ಮಾತ್ರ ನಿಜವಾದ ಊರು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಅದು ಕೋಲಾರ ಜಿಲ್ಲೆಯಲ್ಲಿಯೇ ಇತ್ತು.) ಊಹೆ ಒಂದು: 'ಎಲ್ಲ ರೈತರ ಬಳಿಯೂ ಮೊಬೈಲ್ ಇದೆ.' ಊಹೆ ಎರಡು: 'ಹಿಂದಿನ ದಿನದ ದರ ತಿಳಿಯುವುದರಿಂದ ರೈತರಿಗೆ ಏನಾದರೂ ಪ್ರಯೋಜನವಿದೆ.'

ಮೊದಲನೆಯದನ್ನು ತಿರುಗಿಸುವಾಗ ಅನೇಕರು 'ಯಾವ ರೈತನ ಬಳಿಯೂ ಮೊಬೈಲ್ ಇಲ್ಲ' ಎಂದು ಬರೆದುಕೊಳ್ಳುತ್ತಾರೆ. ಹಾಗಿದ್ದರೆ ಸಂದೇಶ ಕಳಿಸುವ ನಿರ್ಧಾರ ನಗೆಪಾಟಲಾಗುತ್ತದೆ, ಆದ್ದರಿಂದ ಇದು ಊಹೆಯೇ ಎಂಬ ಉತ್ತರಕ್ಕೆ ಬಂದು ತಲುಪುತ್ತಾರೆ. ಆದರೆ 'ಎಲ್ಲರ ಬಳಿ ಇದೆ' ಎಂಬುದರ ನಿಷೇಧ 'ಯಾರ ಬಳಿಯೂ ಇಲ್ಲ' ಎಂಬುದಲ್ಲ. 'ಎಲ್ಲರ ಬಳಿ ಇಲ್ಲ', ಅಂದರೆ ಕಡೇಪಕ್ಷ ಒಬ್ಬನ ಬಳಿ ಇಲ್ಲ ಎಂಬುದು. ಸಾವಿರ ಜನರಲ್ಲಿ ನೂರು ಜನರ ಬಳಿ ಮೊಬೈಲ್ ಇಲ್ಲದಿದ್ದರೂ ಉಳಿದ ಒಂಬೈನೂರು ಜನರಿಗೆ ಸಂದೇಶ ಕಳಿಸುವ ನಿರ್ಧಾರಕ್ಕೆ ಕುಂದಿಲ್ಲ. ಹೇಳಿಕೆ ನಿಂತಿತು, ಆದ್ದರಿಂದ ಮೊದಲನೆಯದು ಊಹೆಯಲ್ಲ. ಎರಡನೆಯದರ ನಿಷೇಧ 'ದರ ತಿಳಿಯುವುದರಿಂದ ರೈತರಿಗೆ ಯಾವ ಪ್ರಯೋಜನವೂ ಇಲ್ಲ' ಎಂಬುದು. ಪ್ರಯೋಜನವೇ ಇಲ್ಲದ್ದನ್ನು ಹೊರಡುವ ಮುನ್ನವೇ ತಿಳಿಯಲೆಂದು ನಸುಕಿನಲ್ಲಿ ಕಳಿಸುವುದಕ್ಕೆ ಅರ್ಥವಿಲ್ಲ. ಹೇಳಿಕೆ ಕುಸಿಯಿತು, ಎರಡನೆಯದು ಊಹೆ.

'ಎಲ್ಲ' ಎಂಬುದರ ನಿಷೇಧ 'ಎಲ್ಲ ಅಲ್ಲ', 'ಕೆಲವು' ಎಂಬುದರ ನಿಷೇಧ 'ಒಂದೂ ಇಲ್ಲ', 'ಮಾತ್ರ' ಎಂಬುದರ ನಿಷೇಧ 'ಬೇರೆಯೂ ಇದೆ', 'ಅತ್ಯುತ್ತಮ' ಎಂಬುದರ ನಿಷೇಧ 'ಇದಕ್ಕಿಂತ ಉತ್ತಮವೋ ಸಮವೋ ಆದದ್ದು ಇನ್ನೊಂದಿದೆ'. ಕಪ್ಪು ಎಂಬುದರ ನಿಷೇಧ ಬಿಳಿ ಎಂದಲ್ಲ, ಕಪ್ಪಲ್ಲ ಎಂದು. ಈ ಭೇದ ಕೈಗೆ ಹತ್ತಿದ ಮೇಲೆ, ಪ್ರಬಲ ಪದಗಳಿರುವ ಊಹೆಗಳು ಏಕೆ ಅಷ್ಟೊಂದು ಬಾರಿ ತಪ್ಪಾಗುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ: ಊಹೆ ಎಷ್ಟು ದೊಡ್ಡ ಮಾತಾಡುತ್ತದೆಯೋ ಅದರ ನಿಷೇಧ ಅಷ್ಟು ಸೌಮ್ಯವಾಗಿರುತ್ತದೆ, ಸೌಮ್ಯವಾದ ನಿಷೇಧಕ್ಕೆ ಹೇಳಿಕೆಯನ್ನು ಬೀಳಿಸುವ ಶಕ್ತಿ ಇರುವುದಿಲ್ಲ.

ಹಾಗೆಂದು, ಕೋಚಿಂಗ್ ತರಗತಿಗಳಲ್ಲಿ ಬೋರ್ಡಿನ ಮೇಲೆ ಬರೆಸುವ 'ಎಲ್ಲ, ಮಾತ್ರ, ಯಾವಾಗಲೂ, ಖಂಡಿತ ಎಂಬ ಪದ ಕಂಡರೆ ಕಣ್ಣುಮುಚ್ಚಿ ತಪ್ಪೆಂದು ಹಾಕಿ' ಎಂಬ ಸೂತ್ರವನ್ನು ನಾನು ಒಪ್ಪುವುದಿಲ್ಲ. ಹೇಳಿಕೆಯೇ ದೊಡ್ಡ ಮಾತಾಡಿದಾಗ ಊಹೆಯೂ ದೊಡ್ಡದಾಗಿರಬೇಕಾಗುತ್ತದೆ. 'ಈ ಕೆರೆ ತುಂಬಲು ಮಳೆಯ ಹೊರತು ಬೇರೆ ದಾರಿಯಿಲ್ಲ, ಆದ್ದರಿಂದ ಮಳೆ ಬಾರದ ವರ್ಷ ಕೆರೆ ಖಂಡಿತ ಒಣಗುತ್ತದೆ' ಎಂಬ ಮಾತಿಗೆ 'ಹಿಂದಿನ ವರ್ಷ ಉಳಿದ ನೀರು ಯಾವ ಸಂದರ್ಭದಲ್ಲಿಯೂ ಇಡೀ ವರ್ಷಕ್ಕೆ ಸಾಲುವುದಿಲ್ಲ' ಎಂಬ ಊಹೆ ಬೇಕೇಬೇಕು. 'ಯಾವ ಸಂದರ್ಭದಲ್ಲಿಯೂ' ಎಂಬ ಪದವನ್ನು ಕಂಡು ಅದನ್ನು ತಳ್ಳಿಹಾಕಿದರೆ ತಪ್ಪುತ್ತೇವೆ. ಹೇಳಿಕೆಯಲ್ಲಿ 'ಖಂಡಿತ' ಎಂದು ಬಂದಿರುವುದರಿಂದ ಒಂದೇ ಒಂದು ವರ್ಷ ನೀರು ಸಾಲುವಂತಿದ್ದರೂ ಮಾತು ಬೀಳುತ್ತದೆ. ಸೂತ್ರ ನೂರರಲ್ಲಿ ಎಷ್ಟೋ ಸಲ ಕೆಲಸ ಮಾಡಬಹುದು, ಆದರೆ ಪ್ರಶ್ನೆ ತೆಗೆಯುವವರೂ ಅದೇ ಗೈಡ್‌ಗಳನ್ನು ಓದಿರುತ್ತಾರೆ.

ಹೇಳಿಕೆಯ ಜಾತಿಗೆ ತಕ್ಕ ಊಹೆ

ಯಾವ ಬಗೆಯ ಹೇಳಿಕೆಯಲ್ಲಿ ಯಾವ ಜಾಗದಲ್ಲಿ ಊಹೆ ಅಡಗಿರುತ್ತದೆ ಎಂಬ ಅಂದಾಜು ಇದ್ದರೆ ಹುಡುಕಾಟ ಚುರುಕಾಗುತ್ತದೆ. ಕಾರಣವನ್ನು ಹೇಳುವ ಹೇಳಿಕೆಗಳು ಎಲ್ಲಕ್ಕಿಂತ ಸ್ವಾರಸ್ಯಕರ, ಕೋಲಾರದವರಿಗೆ ಅದರ ಉದಾಹರಣೆ ಕೆರೆಯಂಗಳದಲ್ಲಿಯೇ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ, ಅಂದರೆ ನಾವು ಕೆ.ಸಿ. ವ್ಯಾಲಿ ಎಂದು ಕರೆಯುವುದು, 2018ರಲ್ಲಿ ಆರಂಭವಾಯಿತು. ಅದರ ಬಗ್ಗೆ ಜನ ಆಡುವ ವಾದವೊಂದನ್ನು ಪ್ರಶ್ನೆಯ ರೂಪಕ್ಕೆ ತರೋಣ: 'ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆ; ಆದ್ದರಿಂದ ಅಂತರ್ಜಲ ಏರಲು ಈ ಯೋಜನೆ ಕಾರಣ.'

ಇದಕ್ಕೆ ಮೂರು ಊಹೆಗಳನ್ನು ಕೊಟ್ಟಿದ್ದಾರೆ ಎಂದುಕೊಳ್ಳಿ. 'ಆ ಅವಧಿಯಲ್ಲಿ ಮಳೆ ಆಗಿಲ್ಲ' ಎಂಬುದು ಮೊದಲನೆಯದು. ವಾಸ್ತವದಲ್ಲಿ 2021ರ ನವೆಂಬರಿನಲ್ಲಿ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ ಕೆರೆಗಳು ಕೋಡಿ ಹರಿದವು, ಆದರೆ ಮೇಲೆ ಹೇಳಿದಂತೆ ನಾವು ನೋಡಬೇಕಾದದ್ದು ಅದನ್ನಲ್ಲ. ಮಳೆ ಆಗಿದೆ ಎಂದು ಒಪ್ಪಿಕೊಂಡೂ ಒಬ್ಬರು 'ಮಳೆಯ ಜೊತೆಗೆ ಯೋಜನೆಯ ನೀರೂ ಇಂಗಿ ಅಂತರ್ಜಲ ಏರಿದೆ' ಎಂದು ವಾದಿಸಬಹುದು. ನಿಷೇಧಿಸಿದರೂ ವಾದ ಉಳಿಯುವುದರಿಂದ ಇದು ಊಹೆಯಲ್ಲ. 'ಈ ಏರಿಕೆಗೆ ಮಳೆಯೊಂದೇ ಕಾರಣವಲ್ಲ' ಎಂಬುದು ಎರಡನೆಯದು. ಇದನ್ನು ತಿರುಗಿಸಿದರೆ ಏರಿಕೆಗೆ ಮಳೆಯೊಂದೇ ಕಾರಣವೆಂದಾಗುತ್ತದೆ, ಆಗ ಯೋಜನೆಗೆ ಪಾಲು ಉಳಿಯುವುದಿಲ್ಲ, ಇದು ಊಹೆ. 'ಸಂಸ್ಕರಿಸಿದ ನೀರು ಕುಡಿಯಲು ಯೋಗ್ಯವಾಗಿದೆ' ಎಂಬುದು ಮೂರನೆಯದು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಜೋರಾಗಿಯೇ ಇರುವುದರಿಂದ ಇದನ್ನು ಓದಿದ ಕೂಡಲೇ ಮನಸ್ಸು ಅತ್ತ ಹರಿಯುತ್ತದೆ. ಆದರೆ ವಾದ ಇರುವುದು ನೀರಿನ ಮಟ್ಟದ ಬಗ್ಗೆ, ಗುಣದ ಬಗ್ಗೆ ಅಲ್ಲ. ವಿಷದ ನೀರಾದರೂ ಇಂಗಿದರೆ ಮಟ್ಟ ಏರುತ್ತದೆ. 'ಅದಾದ ಮೇಲೆ ಇದಾಯಿತು, ಆದ್ದರಿಂದ ಅದರಿಂದಲೇ ಇದಾಯಿತು' ಎಂಬ ರೂಪದ ಪ್ರತಿಯೊಂದು ವಾದದಲ್ಲಿಯೂ ಬೇರೆ ಕಾರಣವೊಂದೇ ಇಡೀ ಫಲವನ್ನು ವಿವರಿಸಿಬಿಡುವುದಿಲ್ಲ ಎಂಬ ಊಹೆ ಇದ್ದೇ ಇರುತ್ತದೆ. ಅದನ್ನು ಹುಡುಕಿಕೊಂಡೇ ಉತ್ತರಗಳತ್ತ ಹೋಗಬಹುದು.

ಯೋಜನೆಯನ್ನು ಸೂಚಿಸುವ ಹೇಳಿಕೆಗಳಲ್ಲಿ ಊಹೆ ಇರುವ ಜಾಗ ಉಪಾಯಕ್ಕೂ ಉದ್ದೇಶಕ್ಕೂ ನಡುವೆ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಲ್ಲಿಂದ ಕೆಲಸಕ್ಕಾಗಿ ಮಾರಿಕುಪ್ಪಂ ರೈಲು ಹಿಡಿದು ನಿತ್ಯ ಬೆಂಗಳೂರಿಗೆ ಹೋಗಿಬರುವವರನ್ನು ನಾವೆಲ್ಲ ಕಂಡಿದ್ದೇವೆ. 'ಕೆಜಿಎಫ್‌ನಲ್ಲಿಯೇ ಕೈಗಾರಿಕೆಗಳನ್ನು ಸ್ಥಾಪಿಸಿದರೆ ಈ ನಿತ್ಯದ ಓಡಾಟ ತಗ್ಗುತ್ತದೆ' ಎಂದು ಯಾರಾದರೂ ಹೇಳಿದರೆ, ಓಡಾಡುವವರಲ್ಲಿ ಕೆಲವರಾದರೂ ಆ ಕೈಗಾರಿಕೆಗಳಲ್ಲಿ ಕೆಲಸ ಪಡೆಯುತ್ತಾರೆ, ಪಡೆದ ಮೇಲೆ ಬೆಂಗಳೂರಿನ ಕೆಲಸ ಬಿಡುತ್ತಾರೆ ಎಂದು ಹೇಳಿದವರು ನಂಬಿದ್ದಾರೆ. ಹೊಸ ಕಾರ್ಖಾನೆಗಳು ಹೊರಗಿನಿಂದಲೇ ಎಲ್ಲರನ್ನೂ ಕರೆತಂದರೆ ರೈಲಿನ ದಟ್ಟಣೆ ಒಬ್ಬರಷ್ಟೂ ಇಳಿಯುವುದಿಲ್ಲ. 'ಎಲ್ಲರೂ ಬೆಂಗಳೂರಿನ ಕೆಲಸ ಬಿಡುತ್ತಾರೆ' ಎಂಬುದು ಊಹೆಯಲ್ಲ, ಏಕೆಂದರೆ ಹೇಳಿಕೆ 'ತಗ್ಗುತ್ತದೆ' ಎಂದಿದೆ, 'ನಿಲ್ಲುತ್ತದೆ' ಎಂದಿಲ್ಲ. 'ಕೈಗಾರಿಕೆ ಸ್ಥಾಪಿಸಲು ಸರ್ಕಾರದ ಬಳಿ ಹಣವಿದೆ' ಎಂಬುದೂ ಅಲ್ಲ. ಸ್ಥಾಪಿಸಿದರೆ ಏನಾಗುತ್ತದೆ ಎಂದು ಹೇಳಿಕೆ ಹೇಳುತ್ತಿದೆಯೇ ಹೊರತು ಸ್ಥಾಪಿಸಬಹುದೆಂದು ಹೇಳುತ್ತಿಲ್ಲ. ಇದೇ ಹೇಳಿಕೆ 'ಸರ್ಕಾರ ಕೆಜಿಎಫ್‌ನಲ್ಲಿ ಕೈಗಾರಿಕೆಗಳನ್ನು ಸ್ಥಾಪಿಸಬೇಕು' ಎಂದು ಸಲಹೆಯ ರೂಪದಲ್ಲಿದ್ದರೆ ಲೆಕ್ಕ ಬದಲಾಗುತ್ತದೆ: ಮಾಡಬೇಕು ಎನ್ನುವವನು ಮಾಡಲು ಸಾಧ್ಯ ಎಂದು ನಂಬಿಯೇ ಹಾಗೆ ಹೇಳುತ್ತಾನೆಂದು ಈ ಪರೀಕ್ಷೆಗಳು ಸಾಮಾನ್ಯವಾಗಿ ಒಪ್ಪುತ್ತವೆ.

ಜಾಹೀರಾತು, ಸೂಚನಾಫಲಕ, ಮನವಿಗಳ ವಿಷಯವನ್ನು ಬೇಗ ಮುಗಿಸಬಹುದು. 'ಬ್ಯಾಂಕ್ ಕೆಲಸ ಬೇಕೆ? ತುಮಕೂರಿನ ನಮ್ಮ ತರಗತಿಗೆ ಸೇರಿ' ಎಂಬ ಜಾಹೀರಾತು ಕೊಟ್ಟವರು ಬ್ಯಾಂಕ್ ಕೆಲಸ ಬಯಸುವ ಜನರಿದ್ದಾರೆ, ತರಬೇತಿ ನೆರವಾಗುತ್ತದೆಂದು ಆ ಜನ ಭಾವಿಸಬಹುದು, ಜಾಹೀರಾತನ್ನು ಕೆಲವರಾದರೂ ಓದುತ್ತಾರೆ ಎಂದು ನಂಬಿದ್ದಾರೆ. ತರಬೇತಿಯಿಲ್ಲದೆ ಯಾರೂ ಪಾಸಾಗುವುದಿಲ್ಲ ಎಂದಾಗಲಿ, ತುಮಕೂರಿನಲ್ಲಿ ಬೇರೆ ಒಳ್ಳೆಯ ತರಗತಿಗಳಿಲ್ಲ ಎಂದಾಗಲಿ ಅವರು ನಂಬಿರಬೇಕಿಲ್ಲ. ನಂಬಿದ್ದರೆ ಅದು ಅವರ ವ್ಯಾಪಾರ. 'ಇಲ್ಲಿ ಕಸ ಹಾಕಬೇಡಿ' ಎಂಬ ಫಲಕದ ಹಿಂದೆ ಯಾರೋ ಹಾಕುತ್ತಾರೆ ಅಥವಾ ಹಾಕಬಹುದು, ಫಲಕ ಓದಿ ಕೆಲವರಾದರೂ ಕೈ ಹಿಂತೆಗೆಯುತ್ತಾರೆ ಎಂಬ ಊಹೆಗಳಿರುತ್ತವೆ. ಫಲಕದ ಕೆಳಗೇ ಕಸದ ರಾಶಿ ಬಿದ್ದಿರುವುದನ್ನು ದಿನವೂ ನೋಡುವವರಿಗೆ ಎರಡನೆಯ ಊಹೆಯನ್ನು ಒಪ್ಪುವುದು ಕಷ್ಟವೆನಿಸಬಹುದು, ಆದರೂ ಉತ್ತರಪತ್ರಿಕೆಯಲ್ಲಿ ಒಪ್ಪಬೇಕು.

ಬೇಕಾದದ್ದು, ಸಾಕಾದದ್ದು

ಬ್ಯಾಂಕ್ ಪರೀಕ್ಷೆಗಷ್ಟೇ ಓದುವವರು ಈ ಭಾಗವನ್ನು ಬಿಟ್ಟರೂ ನಡೆಯುತ್ತದೆ. ಕ್ಲಾಟ್ ಅಥವಾ ಎಲ್‌ಸ್ಯಾಟ್ ಬರೆಯುವವರು ಬಿಡುವಂತಿಲ್ಲ. ಈ ಪರೀಕ್ಷೆಗಳಲ್ಲಿ ಊಹೆಯ ಪ್ರಶ್ನೆ ಎರಡು ಬಗೆಯಲ್ಲಿ ಬರುತ್ತದೆ. ವಾದಕ್ಕೆ ಯಾವ ಊಹೆ ಬೇಕೇಬೇಕು ಎಂದು ಒಂದು ಬಗೆ ಕೇಳಿದರೆ, ಯಾವ ಊಹೆಯನ್ನು ಸೇರಿಸಿಕೊಂಡರೆ ತೀರ್ಮಾನ ತಪ್ಪದೆ ಬರುತ್ತದೆ ಎಂದು ಇನ್ನೊಂದು ಬಗೆ ಕೇಳುತ್ತದೆ. ಇಲ್ಲಿಯವರೆಗೆ ನಾವು ನೋಡಿದ್ದೆಲ್ಲ ಮೊದಲನೆಯ ಬಗೆ. 'ಆಕೆ ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯ ಪಕ್ಕದಲ್ಲಿ ಬೆಳೆದವಳು, ಆದ್ದರಿಂದ ಒಳ್ಳೆಯ ಗೂಡು ಯಾವುದೆಂದು ಗುರುತಿಸಬಲ್ಲಳು' ಎಂಬ ವಾದಕ್ಕೆ 'ಆ ಮಾರುಕಟ್ಟೆಯ ಪಕ್ಕದಲ್ಲಿ ಬೆಳೆದ ಎಲ್ಲರೂ ಒಳ್ಳೆಯ ಗೂಡನ್ನು ಗುರುತಿಸಬಲ್ಲರು' ಎಂಬ ಮಾತನ್ನು ಸೇರಿಸಿದರೆ ತೀರ್ಮಾನ ಬಿಗಿಯಾಗಿ ಬರುತ್ತದೆ, ಅಂದರೆ ಅದು ಸಾಕಾಗುತ್ತದೆ. ಆದರೆ ಅದು ಬೇಕೇಬೇಕೆಂದಿಲ್ಲ: ಅಲ್ಲಿ ಬೆಳೆದವರಲ್ಲಿ ಗೂಡಿನ ಗೊಡವೆಗೇ ಹೋಗದ ಒಬ್ಬನಿದ್ದ ಮಾತ್ರಕ್ಕೆ ಆಕೆಯ ಬಗೆಗಿನ ವಾದ ಬೀಳುವುದಿಲ್ಲ. ಬೇಕೇಬೇಕಾದ ಊಹೆ ಇನ್ನೂ ಸಣ್ಣದು: ಗೂಡಿನ ಮಾರುಕಟ್ಟೆಯ ಪಕ್ಕದಲ್ಲಿ ಬೆಳೆದದ್ದಕ್ಕೂ ಗೂಡು ಗುರುತಿಸುವ ತಿಳಿವಳಿಕೆಗೂ ಏನಾದರೂ ಸಂಬಂಧವಿದೆ ಎಂಬುದು.

ಹಾಗಾಗಿ ಮೊದಲ ಬಗೆಯ ಪ್ರಶ್ನೆಗೆ ಸಣ್ಣ ಮಾತಾಡುವ ಉತ್ತರವನ್ನೂ, ಎರಡನೇ ಬಗೆಗೆ ದೊಡ್ಡ ಮಾತಾಡುವ ಉತ್ತರವನ್ನೂ ಮೊದಲು ನೋಡುವುದು ಲಾಭಕರ. ತಿರುಗಿಸಿ ನೋಡುವ ಪರೀಕ್ಷೆ ಎರಡನೇ ಬಗೆಗೆ ಒಗ್ಗುವುದಿಲ್ಲ. ಅಲ್ಲಿ ಉತ್ತರವನ್ನು ಹೇಳಿಕೆಯ ಪಕ್ಕದಲ್ಲಿ ಇದ್ದಂತೆಯೇ ಇಟ್ಟು, ಇನ್ನೂ ತೀರ್ಮಾನ ಸುಳ್ಳಾಗಲು ದಾರಿ ಉಳಿದಿದೆಯೇ ಎಂದು ಕೇಳಿಕೊಳ್ಳಬೇಕು.

ಬ್ಯಾಂಕ್ ಪರೀಕ್ಷೆಯ ಆಯ್ಕೆಗಳಲ್ಲಿ 'ಒಂದು ಅಥವಾ ಎರಡರಲ್ಲಿ ಯಾವುದಾದರೂ ಒಂದು' ಎಂಬುದು ಸುಮ್ಮನೆ ಹಲವರನ್ನು ಕಾಡುತ್ತದೆ. ಎರಡು ಊಹೆಗಳೂ ಒಟ್ಟಿಗೆ ನಿಲ್ಲಲಾರದೆ, ಹೇಳಿಕೆಗೆ ಅವೆರಡರಲ್ಲಿ ಒಂದಾದರೂ ಬೇಕೇಬೇಕಾದಾಗ ಮಾತ್ರ ಅದು ಸರಿ. 'ಹಾಲಿನ ಡೈರಿಯ ಸಮಯವನ್ನು ಬದಲಿಸಿದರೆ ಹಾಲು ಹಾಕುವವರಿಗೆ ಅನುಕೂಲ' ಎಂಬ ಹೇಳಿಕೆಗೆ 'ಈಗಿನದಕ್ಕಿಂತ ಬೇಗ ತೆರೆಯುವುದಷ್ಟೇ ಅನುಕೂಲ', 'ಈಗಿನದಕ್ಕಿಂತ ತಡವಾಗಿ ತೆರೆಯುವುದಷ್ಟೇ ಅನುಕೂಲ' ಎಂಬ ಎರಡು ಊಹೆ ಕೊಟ್ಟರೆ ಆ ಆಯ್ಕೆಯ ಬಗ್ಗೆ ಯೋಚಿಸಬಹುದು. ಇಂಥ ಜೋಡಿ ಅಪರೂಪ. ಎರಡರಲ್ಲಿ ಯಾವುದೆಂದು ತಿಳಿಯದೆ ಗೊಂದಲವಾದಾಗ ಆ ಆಯ್ಕೆಯತ್ತ ಕೈ ಹೋಗುವುದು ಸಹಜ. ಆದರೆ ಅದು ನಮ್ಮ ಗೊಂದಲದ ಹೆಸರೇ ಹೊರತು ಉತ್ತರವಲ್ಲ.

ಸಮಯದ ಲೆಕ್ಕವೂ ಇದೆ. ಸಿಸ್ಯಾಟ್‌ನಲ್ಲಿ ಎರಡು ಗಂಟೆಗೆ 80 ಪ್ರಶ್ನೆ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಡಿತ. 2015ರಿಂದ ಆ ಪತ್ರಿಕೆಯಲ್ಲಿ ಶೇ. 33 ಅಂಕ ಪಡೆದರೆ ಸಾಕಾದರೂ ಗದ್ಯಭಾಗಗಳು ಉದ್ದವಾಗಿರುತ್ತವೆ. ಕೆಪಿಎಸ್‌ಸಿಯಲ್ಲಿ ಕಡಿತ ನಾಲ್ಕನೇ ಒಂದು ಭಾಗ. ಗದ್ಯಭಾಗದ ಪ್ರಶ್ನೆಯಲ್ಲಿ ಪ್ರತಿ ವಾಕ್ಯವನ್ನೂ ತಿರುಗಿಸುತ್ತ ಕೂರಲಾಗುವುದಿಲ್ಲ. ಬರೆದವರ ತೀರ್ಮಾನದ ವಾಕ್ಯ ಯಾವುದೆಂದು ಮೊದಲು ಗೆರೆ ಎಳೆದುಕೊಂಡು, ಊಹೆಯ ನಿಷೇಧವನ್ನು ಆ ಒಂದು ವಾಕ್ಯದ ಎದುರಿಗೆ ಇಡುವುದು ಸಾಕು. ತೀರ್ಮಾನಕ್ಕೆ ಸಂಬಂಧಿಸದ, ಆದರೆ ಗದ್ಯದ ಮಧ್ಯದ ಯಾವುದೋ ವಿವರಕ್ಕೆ ಹೊಂದುವ ಊಹೆಗಳನ್ನು ಪ್ರಶ್ನೆ ತೆಗೆಯುವವರು ಬೇಕೆಂದೇ ಸೇರಿಸಿರುತ್ತಾರೆ.

ಎರಡು ಗೈಡ್‌ಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿರುವುದನ್ನು ಓದುವವರೆಲ್ಲ ಕಂಡಿರುತ್ತಾರೆ. ಅಂಥ ಕಡೆ ಹೇಳಿಕೆಯೇ ಸಡಿಲವಾಗಿ ಬರೆದದ್ದಾಗಿರುತ್ತದೆ, ಅಥವಾ ಉತ್ತರ ಬರೆದವರು 'ಎಲ್ಲ' ಎಂಬುದನ್ನು 'ಯಾರೂ ಇಲ್ಲ' ಎಂದು ತಿರುಗಿಸಿರುತ್ತಾರೆ. ನಿಜವಾದ ಪರೀಕ್ಷೆಯಲ್ಲಿ ಹೀಗಾದರೆ ಸುಮ್ಮನಿರಬೇಕಿಲ್ಲ. ಕೆಪಿಎಸ್‌ಸಿ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಆ ಆಕ್ಷೇಪಣೆಯಲ್ಲಿ 'ಈ ಉತ್ತರ ನನಗೆ ತಪ್ಪೆನಿಸುತ್ತದೆ' ಎಂದು ಬರೆದರೆ ಅದಕ್ಕೆ ತೂಕವಿರುವುದಿಲ್ಲ. ಕೊಟ್ಟಿರುವ ಊಹೆಯನ್ನು ಮೊದಲು ಬರೆದು, ಅದರ ಸರಿಯಾದ ನಿಷೇಧವನ್ನು ಅದರ ಕೆಳಗೆ ಬರೆದು, ಆ ನಿಷೇಧ ನಿಜವಾಗಿದ್ದರೂ ಹೇಳಿಕೆ ಹೇಗೆ ನಿಲ್ಲುತ್ತದೆ ಅಥವಾ ಏಕೆ ನಿಲ್ಲುವುದಿಲ್ಲ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ, ಒಂದು ಸಾಧ್ಯವಾದ ಸಂದರ್ಭದ ಸಮೇತ ತೋರಿಸಬೇಕು. ಮೇಲಿನ ಚಿಂತಾಮಣಿಯ ಪ್ರಶ್ನೆಗೆ ಕೀ ಉತ್ತರ 'ಎರಡೂ ಊಹೆಗಳಿವೆ' ಎಂದಿದ್ದರೆ, ನೂರು ರೈತರ ಬಳಿ ಮೊಬೈಲ್ ಇಲ್ಲದೆಯೂ ಒಂಬೈನೂರು ರೈತರಿಗೆ ನಸುಕಿನಲ್ಲಿ ಸಂದೇಶ ಹೋಗಬಹುದೆಂಬ ಆ ಒಂದು ವಾಕ್ಯವೇ ಆಕ್ಷೇಪಣೆಯ ತಿರುಳಾಗುತ್ತದೆ.